ದೂರದ ಬೇಟೆಯ ರೈಫಲ್‌ಗೆ ಹಗುರ ಸ್ಕೋಪ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಅಮೆರಿಕದ ಕೊಲರಾಡೊದಲ್ಲಿ, ಹುಟ್ಟಿದ್ದು ಸಕಲೇಶಪುರದ ಕಡೆ. ಅಜ್ಜನ ಮನೆಯಲ್ಲಿ ಒಂದು ಜೋಡುನಳಿಗೆ ಕೋವಿ ಇತ್ತು. ಅದಕ್ಕೆ ಸ್ಕೋಪೂ (ಗುರಿ ಹಿಡಿಯಲು ಕೋವಿ ಮೇಲೆ ಕೂರಿಸುವ ದುರ್ಬೀನು) ಇಲ್ಲ ಗೀಪೂ ಇಲ್ಲ. ನಳಿಗೆ ತುದಿಯಲ್ಲಿ ಒಂದು ಹಿತ್ತಾಳೆ ಮಣಿ, ಅಷ್ಟೇ. ಇಲ್ಲಿಗೆ ಬಂದ ಮೇಲೆ ಕಲಿತದ್ದು ಬೇರೆಯೇ ಬೇಟೆ. ಅಕ್ಟೋಬರ್ ಬಂದರೆ ಹತ್ತು ಸಾವಿರ ಅಡಿ ಎತ್ತರದ ಬೆಟ್ಟ ಹತ್ತಬೇಕು. ಎದುರಿಗೆ ಇರುವುದು ಎಲ್ಕ್, ನಮ್ಮ ಕಡವೆಯ ದೊಡ್ಡಣ್ಣ ಅನ್ನಿ. ಸ್ಕೋಪ್ ಯಾವುದು ತಗೊಳ್ಳಲಿ ಅಂತ ಇಲ್ಲಿನ ಕನ್ನಡದ ಗೆಳೆಯರು ಪ್ರತಿ ಬೇಸಿಗೆಯಲ್ಲೂ ಕೇಳುತ್ತಾರೆ. ಅದೇ ಪ್ರಶ್ನೆಗಳು, ಅದೇ ಉತ್ತರಗಳು. ಈ ಸಲ ಬರೆದೇ ಇಟ್ಟುಬಿಡೋಣ ಅನ್ನಿಸಿತು.

ತೂಕವನ್ನು ಗ್ರಾಂನಲ್ಲಿ ಹೇಳುತ್ತೇನೆ. ಅಂಗಡಿಯಲ್ಲಿ ಔನ್ಸ್ ಅಂತ ಬರೆದಿರುತ್ತಾರೆ, ಒಂದು ಔನ್ಸ್ ಅಂದರೆ 28 ಗ್ರಾಂ. ದೂರಕ್ಕೆ ಇಲ್ಲಿಯವರ ಹಾಗೆ ಗಜವನ್ನೇ ಬಳಸಿದ್ದೇನೆ.

ಎಷ್ಟು ತೂಕ ಇದ್ದರೆ ಹಗುರ ಅನ್ನಬಹುದು?

ಬೆಟ್ಟದ ಬೇಟೆಗೆ ನನ್ನ ಲೆಕ್ಕ ಹೀಗಿದೆ. 450 ಗ್ರಾಂ ಒಳಗಿದ್ದರೆ ನಿಜವಾಗಿಯೂ ಹಗುರ. 450ರಿಂದ 600 ಗ್ರಾಂ ಹದವಾದ ತೂಕ. 700 ದಾಟಿದರೆ ನಡೆದಾಡುವ ಬೇಟೆಗಾರನಿಗೆ ಅದು ಭಾರವೇ. ಬೆಂಚಿನ ಮೇಲೆ ಇಟ್ಟು ಸ್ಪರ್ಧೆಯಲ್ಲಿ ಹೊಡೆಯುವವರ ಸ್ಕೋಪ್‌ಗಳದ್ದು ಬೇರೆ ಲೋಕ. ವೋರ್ಟೆಕ್ಸ್ ರೇಜರ್ ಜೆನ್ 2, 4.5-27×56 (4.5ರಿಂದ 27 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಅದೇ ಪವರ್; ಮುಂದಿನ ಗಾಜು 56 ಮಿ.ಮೀ.) ಒಂದೇ ಸುಮಾರು 1,375 ಗ್ರಾಂ ತೂಗುತ್ತದೆ. ಗಾಜು ಅದ್ಭುತ, ಗಟ್ಟಿತನಕ್ಕೆ ಎರಡು ಮಾತಿಲ್ಲ. ಆದರೆ ಅದನ್ನು ಹೊತ್ತು ಬೆಟ್ಟ ಹತ್ತುವುದು ಅಂದರೆ ರೈಫಲ್ ಮೇಲೆ ಒಂದು ಲೀಟರ್ ನೀರಿನ ಬಾಟಲಿ ಕಟ್ಟಿಕೊಂಡು, ಅದರ ಮೇಲೆ ಇನ್ನೊಂದು ಸಣ್ಣ ಬಾಟಲಿ ಇಟ್ಟ ಹಾಗೆ.

300 ಗ್ರಾಂ ವ್ಯತ್ಯಾಸಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ? ನಾಲ್ಕು ಕೆಜಿ ಹೊಟ್ಟೆ ಇಳಿಸಿದರೆ ಆಗಲ್ವಾ?

ಹೊಟ್ಟೆ ಇಳಿಸಿ, ಅದು ಮೊದಲು. ನನಗೂ ಹೆಂಡತಿ ಅದನ್ನೇ ಹೇಳುತ್ತಾಳೆ.

ಆದರೆ ಸ್ಕೋಪಿನ ತೂಕ ಬರೀ ಹೊರೆಯ ಲೆಕ್ಕ ಅಲ್ಲ. ಅದು ಕೂತಿರುವ ಜಾಗ ನೋಡಿ. ರೈಫಲ್‌ನ ನೆತ್ತಿಯ ಮೇಲೆ, ನಳಿಗೆಗಿಂತ ಒಂದೂವರೆ ಎರಡು ಇಂಚು ಎತ್ತರದಲ್ಲಿ. ಟಿಕ್ಕಾ ಟಿ3ಎಕ್ಸ್ ಲೈಟ್ ತರಹದ ಹಗುರ ರೈಫಲ್ ಸುಮಾರು 3 ಕೆಜಿ ಇರುತ್ತದೆ. ಅದರ ಮೇಲೆ 900 ಗ್ರಾಂ ಸ್ಕೋಪ್ ಇಟ್ಟರೆ ತಲೆಭಾರವಾಗಿ ಪಕ್ಕಕ್ಕೆ ವಾಲುತ್ತದೆ. ಹೆಗಲಿಗೆ ನೇತುಹಾಕಿದರೆ ಬೆಲ್ಟ್‌ನಲ್ಲೇ ತಿರುಗಿಕೊಳ್ಳುತ್ತದೆ. ಕೋಲಿನ ಆಸರೆಯಲ್ಲಿ ಗುರಿ ಹಿಡಿಯುವಾಗ ಓಲಾಡುತ್ತದೆ. ಇದು ಅಂಗಡಿಯಲ್ಲಿ ಗೊತ್ತಾಗುವುದಿಲ್ಲ. ಐದು ತಾಸು ನಡೆದು, ಉಸಿರು ಮೇಲೆ ಕೆಳಗೆ ಆಗುತ್ತಿರುವಾಗ ಗೊತ್ತಾಗುತ್ತದೆ.

ಇನ್ನೊಂದು ಮುಖವೂ ಇದೆ. ಒಟ್ಟು ತೂಕ ಇಳಿದಷ್ಟೂ ಕೋವಿ ಜಾಸ್ತಿ ಒದೆಯುತ್ತದೆ. 3.9 ಕೆಜಿ ಇದ್ದದ್ದು 3.6 ಆದರೆ ಒದೆತದ ಶಕ್ತಿ ನೂರಕ್ಕೆ ಎಂಟರಷ್ಟು ಏರುತ್ತದೆ. 6.5 ಕ್ರೀಡ್‌ಮೋರ್ ತರಹದ ಮೆದು ಒದೆತದ ತೋಟಾದಲ್ಲಿ ಅದು ಲೆಕ್ಕಕ್ಕಿಲ್ಲ. 300 ವಿನ್ ಮ್ಯಾಗ್ ತರಹದ ಜೋರು ತೋಟಾದಲ್ಲಿ ಭುಜಕ್ಕೆ ಚೆನ್ನಾಗಿಯೇ ಗೊತ್ತಾಗುತ್ತದೆ.

ಲಾಂಗ್ ರೇಂಜ್ ಅಂದರೆ ಎಷ್ಟು ದೂರ?

ಕಬ್ಬಿಣದ ತಟ್ಟೆಗೆ ಹೊಡೆಯುವವರಿಗೆ ಸಾವಿರ ಗಜವೂ ಹತ್ತಿರವೇ. ಜೀವ ಇರುವ ಪ್ರಾಣಿಗೆ ಬೇರೆ ಲೆಕ್ಕ. ನನ್ನ ಗಡಿ 400 ಗಜ. ಗಾಳಿ ಇಲ್ಲದೆ, ಮಲಗಿ ಹೊಡೆಯುವ ಹಾಗಿದ್ದರೆ 450. ಅದಕ್ಕಿಂತ ದೂರ ಇದ್ದರೆ ಹತ್ತಿರ ಹೋಗುತ್ತೇನೆ, ಇಲ್ಲ ಬಿಡುತ್ತೇನೆ.

ಕಾರಣ ಅಂಕಿಯಲ್ಲೇ ಇದೆ. 6.5 ಕ್ರೀಡ್‌ಮೋರ್‌ನಲ್ಲಿ 143 ಗ್ರೇನ್ (ಸುಮಾರು 9 ಗ್ರಾಂ) ಗುಂಡು, ಝೀರೋ 200 ಗಜಕ್ಕೆ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವ ಹಾಗೆ ಸ್ಕೋಪ್ ಹೊಂದಿಸಿದ ದೂರ 200 ಗಜ. 500 ಗಜ ತಲುಪುವ ಹೊತ್ತಿಗೆ ಅದು ಸುಮಾರು 45 ಇಂಚು ಕೆಳಗಿಳಿದಿರುತ್ತದೆ. ಗಂಟೆಗೆ 10 ಮೈಲಿಯ ಅಡ್ಡಗಾಳಿ ಬೀಸಿದರೆ ಒಂದು ಅಡಿಗೂ ಜಾಸ್ತಿ ಪಕ್ಕಕ್ಕೆ ಸರಿಯುತ್ತದೆ. ಮ್ಯೂಲ್ ಡೀರ್ ಅನ್ನುವ ಇಲ್ಲಿನ ಜಿಂಕೆಯ ಎದೆಗೂಡಿನಲ್ಲಿ ಗುಂಡು ಬೀಳಬೇಕಾದ ಜಾಗ ಹತ್ತು ಇಂಚು ಅಗಲ ಇದ್ದರೆ ಹೆಚ್ಚು. ಇಳಿತವನ್ನು ಯಂತ್ರ ಲೆಕ್ಕ ಹಾಕಿಕೊಡುತ್ತದೆ. ಕಣಿವೆಯ ಆಚೆ ಬೀಸುವ ಗಾಳಿಯನ್ನು ಯಾವ ಸ್ಕೋಪೂ ಹೇಳುವುದಿಲ್ಲ. ಸಾಲದ್ದಕ್ಕೆ 500 ಗಜ ದಾಟಲು ಗುಂಡಿಗೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಮೇಯುತ್ತಿರುವ ಎಲ್ಕ್ ಒಂದು ಹೆಜ್ಜೆ ಇಡಲು ಅಷ್ಟು ಸಾಕು. ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ, ಆಮೇಲೆ ರಾತ್ರಿಯೆಲ್ಲ ರಕ್ತದ ಜಾಡು ಹಿಡಿದು ಅಲೆಯಬೇಕು.

ಥಿಯೊಡೋರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಆ್ಯಂಡ್ ಕ್ರಾಕೆಟ್ ಕ್ಲಬ್ ಕೂಡ ಅತಿ ದೂರದಿಂದ ಹೊಡೆಯುವುದನ್ನು ಒಪ್ಪುವುದಿಲ್ಲ. ಪ್ರಾಣಿಗೆ ನಮ್ಮ ಸುಳಿವು ಸಿಗುವ ಅವಕಾಶವೇ ಇಲ್ಲದಿದ್ದರೆ ಅದೆಂಥ ಬೇಟೆ ಅನ್ನುವುದು ಅವರ ವಾದ. ನಾನು ಆ ಕಡೆಯವನೇ.

ಈ ಉತ್ತರವನ್ನು ಉದ್ದ ಮಾಡಿದ್ದಕ್ಕೆ ಕಾರಣ ಇದೆ. ನಿಮ್ಮ ಗಡಿ 400-500 ಗಜ ಅಂತ ಒಪ್ಪಿಕೊಂಡರೆ ಮುಂದಿನ ಅರ್ಧ ಪ್ರಶ್ನೆಗಳು ಸುಲಭವಾಗುತ್ತವೆ. ಭಾರದ ಸ್ಕೋಪ್ ಬೇಕಾಗುವುದೇ ಇಲ್ಲ.

ಎಷ್ಟು ಪವರ್ ಬೇಕು? 25 ಇದ್ದರೆ ಒಳ್ಳೆಯದಲ್ವಾ?

ಬೇಡ. 400 ಗಜಕ್ಕೆ 10 ಪವರ್ ಸಾಕು. 10ರಲ್ಲಿ ನೋಡಿದರೆ 400 ಗಜದ ಎಲ್ಕ್ ಬರಿಗಣ್ಣಿಗೆ 40 ಗಜದಲ್ಲಿ ನಿಂತ ಹಾಗೆ ಕಾಣುತ್ತದೆ. ಹೊಡೆಯಲು ಇನ್ನೆಷ್ಟು ದೊಡ್ಡದಾಗಿ ಕಾಣಬೇಕು?

ಪವರ್ ಏರಿಸಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ, ಕೈ ನಡುಕ ದೊಡ್ಡದಾಗುತ್ತದೆ, ಬಿಸಿಲಿನ ಝಳ ಕುಣಿಯುತ್ತದೆ. ಈಡು ಹಾರಿದ ಮೇಲೆ ಪ್ರಾಣಿ ಎತ್ತ ಹೋಯಿತು ಅಂತಲೇ ತಿಳಿಯುವುದಿಲ್ಲ. ಕೆಳಗಿನ ಪವರ್ ಮುಖ್ಯ. ದಟ್ಟ ಸ್ಪ್ರೂಸ್ ಮರಗಳ ನಡುವೆ 30 ಗಜದಲ್ಲಿ ಎಲ್ಕ್ ಎದ್ದು ಓಡಿದರೆ 3-4ರ ಆಸುಪಾಸಿನ ಪವರ್ ಬೇಕು. 6ರಿಂದ ಶುರುವಾಗುವ ಸ್ಕೋಪ್‌ನಲ್ಲಿ ಬರೀ ಕಂದು ರೋಮ ಕಾಣುತ್ತದೆ.

3-15, 2.5-10, 4-12, 4.5-14. ಇವುಗಳಲ್ಲಿ ಯಾವುದಾದರೂ ಸರಿ. ದೂರದಲ್ಲಿರುವುದು ಎಂಥ ಪ್ರಾಣಿ ಅಂತ ನೋಡಲು ದುರ್ಬೀನು ಇದೆ. ದಯವಿಟ್ಟು ಅದಕ್ಕೆ ಸ್ಕೋಪ್ ಬಳಸಬೇಡಿ. ಆ ಕಡೆ ಇರುವುದು ಇನ್ನೊಬ್ಬ ಬೇಟೆಗಾರ ಆಗಿದ್ದರೆ, ನೀವು ಅವನತ್ತ ಕೋವಿ ತಿರುಗಿಸಿದ ಹಾಗಾಯಿತು.

ಮುಂದಿನ ಗಾಜು 40 ಇರಲಾ, 44 ಇರಲಾ, 50 ಇರಲಾ?

ತೂಕ ಏರುವುದೇ ಇಲ್ಲಿ. ಗಾಜಿನ ಅಡ್ಡಳತೆ ಸ್ವಲ್ಪ ಏರಿದರೂ ಅದರ ಹರವು ಬೇಗ ಏರುತ್ತದೆ. 44ರಿಂದ 56 ಮಿ.ಮೀ.ಗೆ ಹೋದರೆ ಹರವು ನೂರಕ್ಕೆ ಅರವತ್ತರಷ್ಟು ಜಾಸ್ತಿ. ಅಷ್ಟು ಗಾಜು, ಅದನ್ನು ಹಿಡಿಯುವ ಲೋಹ, ಅದನ್ನು ನಳಿಗೆಯಿಂದ ಮೇಲೆತ್ತುವ ಎತ್ತರದ ರಿಂಗು (ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ಬಳೆ). ರಿಂಗು ಎತ್ತರವಾದರೆ ಕೆನ್ನೆ ಕೋವಿಯ ಹಿಂಬದಿಯ ಮರಕ್ಕೆ ತಾಗುವುದಿಲ್ಲ, ತಲೆ ಎತ್ತಿಕೊಂಡೇ ನೋಡಬೇಕು.

ದೊಡ್ಡ ಗಾಜಿದ್ದರೆ ಮಬ್ಬುಗತ್ತಲೆಯಲ್ಲಿ ಚೆನ್ನಾಗಿ ಕಾಣುತ್ತದೆ ಅನ್ನುತ್ತಾರೆ. ಅರ್ಧ ನಿಜ. ಕೊಲರಾಡೊದಲ್ಲಿ ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚಿನಿಂದ, ಮುಳುಗಿದ ಅರ್ಧ ಗಂಟೆಯವರೆಗೆ ಹೊಡೆಯಬಹುದು. ಎಲ್ಕ್ ಕಾಡಿನ ಅಂಚಿಗೆ ಬರುವುದು ಹೆಚ್ಚಾಗಿ ಆ ಎರಡು ಅರ್ಧ ಗಂಟೆಯಲ್ಲೇ. ಹಾಗಾಗಿ ಬೆಳಕು ಮುಖ್ಯ, ಒಪ್ಪುತ್ತೇನೆ. ಆದರೆ ಲೆಕ್ಕ ಮಾಡಿ. ಮುಂದಿನ ಗಾಜಿನ ಅಳತೆಯನ್ನು ಪವರ್‌ನಿಂದ ಭಾಗಿಸಿದರೆ, ಕಣ್ಣಿನ ಕಡೆ ಬರುವ ಬೆಳಕಿನ ಬಿಲ್ಲೆಯ ಅಳತೆ ಸಿಗುತ್ತದೆ. 44 ಮಿ.ಮೀ. ಗಾಜು, 15 ಪವರ್: 2.9 ಮಿ.ಮೀ. ಬಿಲ್ಲೆ. ಅದೇ ಗಾಜು, 8 ಪವರ್: 5.5. ಕತ್ತಲಾಗುವಾಗ ನಮ್ಮ ಕಣ್ಣಿನ ಪಾಪೆ 5ರಿಂದ 7 ಮಿ.ಮೀ. ಅರಳುತ್ತದೆ, ವಯಸ್ಸಾದಂತೆ ಇನ್ನೂ ಕಡಿಮೆ. ಬೆಳಕು ಸಾಲದಿದ್ದರೆ ಪವರ್ ಇಳಿಸಿ.

ಒಂದು ಸಂಜೆ ಇದನ್ನು ನೀವೇ ಮಾಡಿ ನೋಡಿ. ಮನೆ ಹಿತ್ತಲಿನಿಂದ, ರೈಫಲ್ ಇಲ್ಲದೆ ಬರೀ ಸ್ಕೋಪ್ ಕೈಯಲ್ಲಿ ಹಿಡಿದು, ದೂರದ ಮರದ ಬುಡ ನೋಡಿ. 15ರಲ್ಲಿ ಬುಡ ಕಪ್ಪು ಮುದ್ದೆ. ನಿಧಾನಕ್ಕೆ ತಿರುಗಿಸುತ್ತಾ 10, 8, 7ಕ್ಕೆ ಬನ್ನಿ. ತೊಗಟೆಯ ಸೀಳು, ಬಿದ್ದ ಎಲೆ ಒಂದೊಂದಾಗಿ ತೋರುತ್ತವೆ. ನಾನು ಇದನ್ನು ಮಾಡಿದ ಮೇಲೆ 50 ಮಿ.ಮೀ. ಸ್ಕೋಪ್ ಮಾರಿಬಿಟ್ಟೆ.

ಸ್ಕೋಪಿನ ಕೊಳವೆ ಒಂದು ಇಂಚಿನದ್ದಾ, 30 ಮಿ.ಮೀ.ದಾ?

ದಪ್ಪ ಕೊಳವೆಯಲ್ಲಿ ಬೆಳಕು ಜಾಸ್ತಿ ಬರುತ್ತದೆ ಅನ್ನುವುದು ಅಂಗಡಿ ಮಾತು. ದಪ್ಪ ಕೊಳವೆಯಿಂದ ಸಿಗುವುದು ಮುಖ್ಯವಾಗಿ, ಸ್ಕೋಪ್ ಮೇಲಿನ ಗುಂಡಿ ತಿರುಗಿಸಿ ಗುರಿಯನ್ನು ಮೇಲೆ-ಕೆಳಗೆ ಹೊಂದಿಸುವ ಜಾಗ. ಮೇಲೆ ಹೇಳಿದ ಕ್ರೀಡ್‌ಮೋರ್‌ಗೆ 100 ಗಜದ ಝೀರೋದಿಂದ 500 ಗಜಕ್ಕೆ ಏರಿಸಬೇಕಾದದ್ದು 10-11 ಎಂಒಎ (ಕೋನದ ಅಳತೆ, ಒಂದು ಎಂಒಎ ಅಂದರೆ 100 ಗಜದಲ್ಲಿ ಸುಮಾರು ಒಂದು ಇಂಚು). ಎತ್ತರದಲ್ಲಿ ಇನ್ನೂ ಸ್ವಲ್ಪ ಕಡಿಮೆ, ಹತ್ತು ಸಾವಿರ ಅಡಿಯಲ್ಲಿ ಗಾಳಿ ಕಾಲು ಭಾಗದಷ್ಟು ತೆಳು. ಒಂದು ಇಂಚಿನ ಒಳ್ಳೆಯ ಸ್ಕೋಪ್‌ಗಳಲ್ಲೇ ಒಟ್ಟು 50 ಎಂಒಎಗಿಂತ ಜಾಸ್ತಿ ಇರುತ್ತದೆ, ಅದರಲ್ಲಿ ಅರ್ಧ ಮೇಲಕ್ಕೆ. ಸಾಕಲ್ವಾ? ಒಂದು ಇಂಚು ತಗೊಂಡರೆ ರಿಂಗೂ ಹಗುರ. 34 ಮಿ.ಮೀ. ಬೇಟೆಗೆ ಬೇಡವೇ ಬೇಡ.

ಫಸ್ಟ್ ಫೋಕಲ್ ಪ್ಲೇನಾ, ಸೆಕೆಂಡಾ?

ಒಳಗಿನ ಅಳತೆಗೆರೆಗಳು ಪವರ್ ಜೊತೆ ತಾವೂ ದೊಡ್ಡದು ಚಿಕ್ಕದು ಆದರೆ ಅದು ಫಸ್ಟ್. ಗೆರೆ ಇದ್ದಷ್ಟೇ ಇದ್ದು ಚಿತ್ರ ಮಾತ್ರ ಬದಲಾದರೆ ಸೆಕೆಂಡ್. ಬೇಟೆಗೆ ನಾನು ಸೆಕೆಂಡ್ ಅನ್ನುತ್ತೇನೆ. ಫಸ್ಟ್‌ನಲ್ಲಿ 3 ಪವರ್‌ಗೆ ಇಳಿಸಿದರೆ ಗೆರೆಗಳು ಜೇಡರ ಬಲೆಯಷ್ಟು ಸಣ್ಣ, ಕಾಡಿನ ನೆರಳಲ್ಲಿ ಕಾಣುವುದೇ ಇಲ್ಲ. ಸಾಮಾನ್ಯವಾಗಿ ತೂಕವೂ ಬೆಲೆಯೂ ಜಾಸ್ತಿ.

ಆದರೆ ಸೆಕೆಂಡ್‌ನಲ್ಲಿ ಒಂದು ಬಲೆ ಇದೆ. ಗೆರೆಯ ಅಳತೆ ಸರಿಯಾಗುವುದು ಒಂದೇ ಪವರ್‌ನಲ್ಲಿ, ಹೆಚ್ಚಾಗಿ ಕೊನೆಯ ಪವರ್‌ನಲ್ಲಿ. 15ರಲ್ಲಿ 5 ಎಂಒಎ ಇರುವ ಗೆರೆ 7.5ಕ್ಕೆ ಇಳಿಸಿದಾಗ 10 ಎಂಒಎ ಆಗುತ್ತದೆ. ಮರೆತು ಅದೇ ಗೆರೆ ಇಟ್ಟು 400 ಗಜಕ್ಕೆ ಹೊಡೆದರೆ ಗುಂಡು 21 ಇಂಚು ಮೇಲೆ, ಎಲ್ಕ್‌ನ ಬೆನ್ನಿನ ಮೇಲಿಂದ ಹಾರಿಹೋಗುತ್ತದೆ. ಹಾಗಾಗಿ ಸೆಕೆಂಡ್ ತಗೊಂಡರೆ ಗೆರೆ ನಂಬಬೇಡಿ, ಗುಂಡಿ ತಿರುಗಿಸಿ ಹೊಡೆಯಿರಿ.

ಎಂಒಎ ಒಳ್ಳೆಯದಾ, ಮಿಲ್ ಒಳ್ಳೆಯದಾ?

ಎರಡೂ ಕೋನದ ಅಳತೆಗಳೇ, ಯಾವುದಾದರೂ ಒಂದು. 100 ಗಜದಲ್ಲಿ 1 ಎಂಒಎ ಅಂದರೆ 1.047 ಇಂಚು. 100 ಮೀಟರ್‌ನಲ್ಲಿ 0.1 ಮಿಲ್ ಅಂದರೆ 1 ಸೆಂ.ಮೀ. ಜೊತೆಗೆ ಬರುವ ಗೆಳೆಯ ಯಾವುದು ಬಳಸುತ್ತಾನೋ ಅದನ್ನೇ ತಗೊಳ್ಳಿ. ಪಕ್ಕದಲ್ಲಿ ಕೂತು ಅವನು ಮಿಲ್‌ನಲ್ಲಿ ಹೇಳಿ ನೀವು ಎಂಒಎಯಲ್ಲಿ ತಿರುಗಿಸಿದರೆ ಫಜೀತಿ. ಗುಂಡಿ ಒಂದು ಅಳತೆ, ಒಳಗಿನ ಗೆರೆ ಇನ್ನೊಂದು ಅಳತೆ ಇರುವ ಸ್ಕೋಪ್ ಮಾತ್ರ ತಗೊಳ್ಳಬೇಡಿ.

ಹೊರಗೆ ತೆರೆದ ಗುಂಡಿ ಬೇಕಾ, ಮುಚ್ಚಳ ಇರುವುದು ಸಾಕಾ?

300 ಗಜದೊಳಗೆ ಹೊಡೆಯುವವರಿಗೆ ಮುಚ್ಚಳವೇ ಸಾಕು. ಅದಕ್ಕಿಂತ ದೂರ ಅಂದರೆ ಮೇಲಿನ ಗುಂಡಿ ತೆರೆದಿರಲಿ, ಆದರೆ ಬೀಗ ಇರಲಿ. ಒತ್ತಿದರೆ ಮಾತ್ರ ತಿರುಗುವಂಥದ್ದು. ಝೀರೋದಲ್ಲಿ ನಿಲ್ಲುವ ತಡೆಯೂ ಇರಲಿ. ಕತ್ತಲಲ್ಲಿ, ಗ್ಲೌಸ್ ಹಾಕಿಕೊಂಡು, ನೋಡದೆಯೇ ವಾಪಸ್ ತಿರುಗಿಸಿ ಟಕ್ ಅಂತ ನಿಂತರೆ ಝೀರೋಗೆ ಬಂತು ಅಂತ ಅರ್ಥ. ಬೀಗ ಇಲ್ಲದ ಗುಂಡಿ ಬ್ಯಾಗಿನ ಪಟ್ಟಿಗೆ ಉಜ್ಜಿ ತಿರುಗಿಕೊಳ್ಳುತ್ತದೆ. ಪಕ್ಕದ ಗುಂಡಿಗೆ, ಅಂದರೆ ಗಾಳಿಯದ್ದಕ್ಕೆ, ಮುಚ್ಚಳ ಇರಲಿ. ಗಾಳಿಗೆ ಗೆರೆ ನೋಡಿ ಪಕ್ಕಕ್ಕೆ ಹಿಡಿದರಾಯಿತು. ಅಲ್ಲಿ ಪವರ್ ಮಾತ್ರ ಮರೆಯಬೇಡಿ, ಹಿಂದಿನ ಬಲೆ ಅಲ್ಲೂ ಇದೆ.

ಲ್ಯೂಪೋಲ್ಡ್ ಕಂಪನಿಯವರು ನಿಮ್ಮ ಗುಂಡು, ವೇಗ, ಎತ್ತರ ಹೇಳಿದರೆ ಗಜವನ್ನೇ ಕೆತ್ತಿದ ಗುಂಡಿ ಮಾಡಿಕೊಡುತ್ತಾರೆ. 350 ಗಜ ಅಂದರೆ ಮೂರೂವರೆಗೆ ತಿರುಗಿಸುವುದು, ಅಷ್ಟೇ. ತಲೆಬಿಸಿಯ ಹೊತ್ತಲ್ಲಿ ಬಹಳ ಅನುಕೂಲ. ಆದರೆ ಬೇರೆ ತೋಟಾ ತುಂಬಿದ ದಿನ ಆ ಗುಂಡಿ ಸುಳ್ಳು ಹೇಳುತ್ತದೆ.

ಹಗುರ ಸ್ಕೋಪ್ ಝೀರೋ ಹಿಡಿಯುವುದಿಲ್ಲ ಅಂತಾರೆ. ನಿಜವಾ?

ಎಲ್ಲವೂ ಅಲ್ಲ, ಆದರೆ ಭಯಕ್ಕೆ ಕಾರಣ ಇದೆ. ಸ್ಕೋಪ್ ಕೊಳವೆಯೊಳಗೆ ಇನ್ನೊಂದು ಸಣ್ಣ ಕೊಳವೆ ಇದೆ. ಎರಡು ಗುಂಡಿಗಳ ಸ್ಕ್ರೂ ಅದನ್ನು ಎರಡು ಕಡೆಯಿಂದ ಒತ್ತುತ್ತವೆ. ಎದುರಿನಿಂದ ಒಂದು ಸ್ಪ್ರಿಂಗ್ ತಳ್ಳಿ ಹಿಡಿದಿರುತ್ತದೆ. ಝೀರೋ ಅನ್ನುವುದು ನಿಂತಿರುವುದೇ ಆ ಸ್ಪ್ರಿಂಗ್ ಮೇಲೆ. ತೂಕ ಉಳಿಸಲು ಹೊರಗಿನ ಗೋಡೆ ತೆಳು ಮಾಡಿ, ಒಳಗಿನ ಭಾಗ ಸಣ್ಣದು ಮಾಡಿದರೆ, ಬಿದ್ದಾಗ ಆ ಸಣ್ಣ ಕೊಳವೆ ಮೊದಲಿನ ಜಾಗಕ್ಕೆ ಸರಿಯಾಗಿ ವಾಪಸ್ ಬರದೆ ಇರಬಹುದು.

ನನಗೆ ಇದು ಎರಡನೇ ವರ್ಷವೇ ಆಯಿತು. ಹೆಸರು ಬೇಡ, ಒಳ್ಳೆಯ ಹೆಸರಿರುವ ಕಂಪನಿಯದೇ, ನಾನೂರು ಗ್ರಾಂಗೂ ಕಡಿಮೆ ತೂಕದ ಸ್ಕೋಪ್. ತೂಕದ ತಕ್ಕಡಿ ನೋಡಿ ಹಿಗ್ಗಿದ್ದೆ. ಹಿಮ ಬಿದ್ದ ಇಳಿಜಾರಿನಲ್ಲಿ ಕಾಲು ಜಾರಿತು. ನಾನು ಕೂತ ಹಾಗೆ ಜಾರಿದೆ, ರೈಫಲ್ ಬಂಡೆಗೆ ಪಕ್ಕವಾಗಿ ಬಡಿಯಿತು. ಎತ್ತಿ ನೋಡಿದೆ. ಗಾಜು ಒಡೆದಿರಲಿಲ್ಲ, ಗೀರು ಕೂಡ ಇಲ್ಲ. ಏನೂ ಆಗಿಲ್ಲ ಅಂದುಕೊಂಡು ನಡೆದೆ. ಮಾರನೆಯ ಬೆಳಿಗ್ಗೆ 280 ಗಜದಲ್ಲಿ ಹೆಣ್ಣು ಎಲ್ಕ್, ಪಕ್ಕ ತಿರುಗಿ ನಿಂತಿದೆ. ಕೋಲಿನ ಆಸರೆ, ಗಾಳಿ ಇಲ್ಲ, ಉಸಿರು ಹಿಡಿದು ಎಳೆದೆ. ಅದು ತಲೆ ಎತ್ತಿ ಸುತ್ತ ನೋಡಿತು. ಏನೋ ಸದ್ದಾಯಿತಲ್ಲ ಅನ್ನುವ ಹಾಗೆ. ಆಮೇಲೆ ನಿಧಾನಕ್ಕೆ ಮರಗಳೊಳಗೆ ಹೋಯಿತು. ಎರಡು ತಾಸು ಹಿಮದಲ್ಲಿ ಹುಡುಕಿದೆ. ಒಂದು ಹನಿ ರಕ್ತ ಇಲ್ಲ, ಒಂದು ರೋಮ ಇಲ್ಲ. ಊರಿಗೆ ಬಂದು 100 ಗಜದಲ್ಲಿ ಹಾಳೆಗೆ ಹೊಡೆದರೆ ಗುಂಡು ಆರು ಇಂಚು ಎಡಕ್ಕೆ. 280 ಗಜಕ್ಕೆ ಲೆಕ್ಕ ಹಾಕಿದರೆ ಸುಮಾರು 17 ಇಂಚು. ಪೂರ್ತಿ ತಪ್ಪಿತು, ಅದೇ ಪುಣ್ಯ. ಕಂಪನಿಯವರು ಪ್ರಶ್ನೆ ಕೇಳದೆ ಬದಲಿ ಕೊಟ್ಟರು. ಆ ಬದಲಿಯನ್ನು ನಾನು ಇವತ್ತಿಗೂ ಸಣ್ಣ ತೋಟಾದ .22 ರೈಫಲ್ ಮೇಲೇ ಇಟ್ಟಿದ್ದೇನೆ.

ಆಮೇಲಿಂದ ಎರಡು ಅಭ್ಯಾಸ. ಒಂದು, ಹೊಸ ಸ್ಕೋಪ್ ಬಂದರೆ ಋತು ಶುರುವಾಗುವ ಮೊದಲೇ ಕಾಡುತ್ತೇನೆ. ಝೀರೋ ಮಾಡಿ, ಟ್ರಕ್ಕಿನ ಸೀಟಿನ ಮೇಲೆ ಕಟ್ಟದೆ ಇಟ್ಟು ಮಣ್ಣು ರಸ್ತೆಯಲ್ಲಿ ವಾರ ಓಡಿಸುತ್ತೇನೆ, ಖಾಲಿ ರೈಫಲ್ ಅಂತ ಬೇರೆ ಹೇಳಬೇಕಾಗಿಲ್ಲ. ಮತ್ತೆ ಹೊಡೆದು ನೋಡುತ್ತೇನೆ. ಎರಡು, ಬೇಟೆಗೆ ಹೋಗುವಾಗ ಹತ್ತು ತೋಟಾ ಜಾಸ್ತಿ ಒಯ್ಯುತ್ತೇನೆ. ರೈಫಲ್ ಬಿದ್ದರೆ ಅವತ್ತಿನ ಬೇಟೆ ಅಲ್ಲಿಗೆ ಮುಗಿಯಿತು. ಸುರಕ್ಷಿತ ಜಾಗ ನೋಡಿ ಹಾಳೆ ಕಟ್ಟಿ ಹೊಡೆದು ನೋಡಿದ ಮೇಲೆಯೇ ಮುಂದಿನ ಮಾತು.

ಗುಂಡಿ ತಿರುಗಿಸಿದಷ್ಟೇ ಗುಂಡು ಏರುತ್ತದಾ ಅಂತ ನೋಡುವುದು ಹೇಗೆ?

ಎತ್ತರದ ರಟ್ಟಿನ ಮೇಲೆ, ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು ನೇರ ಗೆರೆ ಎಳೆಯಿರಿ. 100 ಗಜ ದೂರವನ್ನು ಟೇಪಿನಲ್ಲೇ ಅಳೆಯಿರಿ. ಕೆಳಗಿನ ಚುಕ್ಕೆಗೆ ಗುರಿಯಿಟ್ಟು ಮೂರು ಗುಂಡು. ಗುಂಡಿಯನ್ನು 20 ಎಂಒಎ ಮೇಲಕ್ಕೆ ತಿರುಗಿಸಿ, ಅದೇ ಕೆಳಗಿನ ಚುಕ್ಕೆಗೆ ಗುರಿಯಿಟ್ಟು ಇನ್ನು ಮೂರು. ಎರಡು ಗುಂಪಿನ ನಡುವೆ 20.9 ಇಂಚು ಇರಬೇಕು. ಇಪ್ಪತ್ತು ಇದ್ದರೆ ನಿಮ್ಮ ಸ್ಕೋಪ್ ನೂರಕ್ಕೆ ನಾಲ್ಕು ಕದಿಯುತ್ತಿದೆ. ಗೊತ್ತಿದ್ದರೆ ತೊಂದರೆ ಇಲ್ಲ, ಲೆಕ್ಕದಲ್ಲಿ ಸೇರಿಸಿದರಾಯಿತು. ಗುಂಪು ಗೆರೆಯಿಂದ ಪಕ್ಕಕ್ಕೆ ಸರಿದಿದ್ದರೆ ಸ್ಕೋಪ್ ವಾಲಿಸಿ ಕೂರಿಸಿದ್ದೀರಿ.

ರಿಂಗು, ಬೇಸ್ (ರಿಂಗು ಕೂರುವ ಅಡಿಪಟ್ಟಿ) ತೂಕವನ್ನೂ ಲೆಕ್ಕಕ್ಕೆ ತಗೊಳ್ಳಬೇಕಾ?

ಖಂಡಿತ. ಜನ ಸ್ಕೋಪ್‌ನಲ್ಲಿ 100 ಗ್ರಾಂ ಉಳಿಸಲು ಐನೂರು ಡಾಲರ್ ಸುರಿಯುತ್ತಾರೆ, ಆಮೇಲೆ ಉಕ್ಕಿನ ರೈಲು, ಉಕ್ಕಿನ ರಿಂಗು ಹಾಕಿ 200 ಗ್ರಾಂ ವಾಪಸ್ ತರುತ್ತಾರೆ. ಬೇಸೂ ರಿಂಗೂ ಒಂದೇ ತುಂಡಾಗಿರುವ ಅಲ್ಯೂಮಿನಿಯಂ ರಿಂಗುಗಳು ಬರುತ್ತವೆ. ಟ್ಯಾಲಿ ಕಂಪನಿಯದ್ದು ಹಳೆಯದು, ಜೋಡಿ ನೂರು ಗ್ರಾಂ ಒಳಗೇ. ತುಂಡು ಕಡಿಮೆ ಇದ್ದಷ್ಟೂ ಸಡಿಲ ಆಗುವ ಜಾಗವೂ ಕಡಿಮೆ.

ಝೀರೋ ಹೋಯಿತು ಅಂತ ಬರುವವರಲ್ಲಿ ಅರ್ಧಕ್ಕರ್ಧ ಜನರದ್ದು ಸ್ಕ್ರೂ ತಪ್ಪೇ. ಟಾರ್ಕ್, ಅಂದರೆ ಬಿಗಿ ಮಾಡುವ ಬಲ ಅಳೆಯುವ ಸ್ಕ್ರೂಡ್ರೈವರ್ ಒಂದು ತಗೊಳ್ಳಿ. ರಿಂಗಿನ ಮೇಲಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ 15ರಿಂದ 18 ಇಂಚ್-ಪೌಂಡ್, ನಿಮ್ಮ ರಿಂಗಿನ ಚೀಟಿಯಲ್ಲಿ ಏನಿದೆಯೋ ಅಷ್ಟು. ಕೈ ಅಂದಾಜಿನಲ್ಲಿ ಬಿಗಿ ಮಾಡುವವರು ಹೆಚ್ಚಾಗಿ ಅತಿ ಬಿಗಿ ಮಾಡುತ್ತಾರೆ. ತೆಳು ಗೋಡೆಯ ಹಗುರ ಕೊಳವೆ ಅಲ್ಲಿ ಅಮುಕಿಹೋಗುತ್ತದೆ, ಒಳಗಿನ ಸಣ್ಣ ಕೊಳವೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಸ್ಕೋಪ್ ಕೆಟ್ಟದ್ದು ಅಂತ ಬೈಗುಳ. ಬೇಸಿನ ಸ್ಕ್ರೂ ಎಳೆಯಲ್ಲಿ ಎಣ್ಣೆ ಇರದ ಹಾಗೆ ಒರೆಸಿ ಹಾಕಿ.

ಹುಬ್ಬಿಗೆ ಏಟು ಬೀಳಬಾರದು ಅಂದರೆ ಕಣ್ಣಿಗೂ ಗಾಜಿಗೂ ಮೂರೂವರೆ ಇಂಚಾದರೂ ಇರಲಿ. ಇಳಿಜಾರಿನಲ್ಲಿ ಮೇಲ್ಮುಖವಾಗಿ ಮಲಗಿ ಹೊಡೆದಾಗ ಕಣ್ಣು ತಾನಾಗಿ ಮುಂದೆ ಹೋಗುತ್ತದೆ. ನನ್ನ ಬಲ ಹುಬ್ಬಿನ ಮೇಲೆ ಅರ್ಧಚಂದ್ರದ ಗುರುತು ಇದೆ, ನೋಡಿದವರಿಗೆ ಕಾರಣ ಕೇಳಬೇಕಾಗಿಲ್ಲ.

ಪಕ್ಕದಲ್ಲಿ ಪ್ಯಾರಲಾಕ್ಸ್ ಗುಂಡಿ ಇರಲೇಬೇಕಾ?

ಕಣ್ಣು ನಡುವಿನಿಂದ ಸರಿದರೆ ಗೆರೆ ಗುರಿಯಿಂದ ಸರಿದ ಹಾಗೆ ಕಾಣುವುದೇ ಪ್ಯಾರಲಾಕ್ಸ್, ಅದನ್ನು ತಿದ್ದುವ ಗುಂಡಿ ಇದು. 12 ಪವರ್ ಒಳಗೆ ಇಲ್ಲದಿದ್ದರೂ ನಡೆಯುತ್ತದೆ. 40 ಮಿ.ಮೀ. ಗಾಜು, ಕಂಪನಿಯಲ್ಲೇ 150 ಗಜಕ್ಕೆ ಹೊಂದಿಸಿದ ಸ್ಕೋಪ್ ಅನ್ನಿ. ಕಣ್ಣು ಪೂರ್ತಿ ಅಂಚಿಗೆ ಸರಿದಿದ್ದರೂ 500 ಗಜದಲ್ಲಿ ತಪ್ಪು ಹೆಚ್ಚೆಂದರೆ ಎರಡು ಇಂಚಿಗೂ ಕಡಿಮೆ. ಕಣ್ಣು ನಡುವೆ ಇಟ್ಟರೆ ಅದೂ ಇಲ್ಲ. ಆ ಗುಂಡಿ ಬಿಟ್ಟರೆ ಒಂದಷ್ಟು ಗ್ರಾಂ ಉಳಿತಾಯ, ಮರೆಯುವ ವಿಷಯವೂ ಒಂದು ಕಡಿಮೆ.

ಒಳಗೆ ಕೆಂಪು ದೀಪ ಉರಿಯುವ ಸ್ಕೋಪ್?

ಕಪ್ಪು ಎಲ್ಕ್, ಕಪ್ಪು ಮರ, ಕಪ್ಪು ಗೆರೆ. ಅಂಥ ಸಂಜೆಗೆ ಒಳ್ಳೆಯದು. ಆದರೆ ದಪ್ಪ ಗೆರೆಯ ಸ್ಕೋಪ್ ಇದ್ದರೆ ನನಗೆ ದೀಪ ಬೇಕೆನಿಸಿಲ್ಲ. ಒಂದೊಂದು ರಾಜ್ಯದ ನಿಯಮ ಒಂದೊಂದು. ರೈಫಲ್ ಮೇಲಿನ ಎಲೆಕ್ಟ್ರಾನಿಕ್ ವಸ್ತುಗಳಿಗೆ ಹಲವು ಕಡೆ ತಡೆ ಇದೆ, ದೂರ ಅಳೆದು ತಾನೇ ಗುರಿ ತೋರಿಸುವ ಸ್ಕೋಪ್ ಕೊಳ್ಳುವ ಮುಂಚೆ ಆ ವರ್ಷದ ನಿಯಮ ಪುಸ್ತಕ ಓದಿ. ಐಡಹೊದಲ್ಲಂತೂ ಸ್ಕೋಪು ಬೆಲ್ಟು ಎಲ್ಲ ಸೇರಿ ರೈಫಲ್ 16 ಪೌಂಡ್ ದಾಟಬಾರದು ಅನ್ನುವ ನಿಯಮವೇ ಇದೆ. ಈ ಪುಟ ಓದುವವರಿಗೆ ಆ ಚಿಂತೆ ಇರಲಾರದು!

ಸುತ್ತಿ ಬಳಸಿ ಮಾತು ಬೇಡ, ಯಾವುದು ತಗೊಳ್ಳಲಿ?

ಸರಿ. ನೂರಕ್ಕೆ ಎಂಬತ್ತು ಜನರಿಗೆ ನಾನು ಹೇಳುವುದು ವೋರ್ಟೆಕ್ಸ್ ರೇಜರ್ ಎಲ್‌ಎಚ್‌ಟಿ 3-15×42 ಅಥವಾ ಲ್ಯೂಪೋಲ್ಡ್ ವಿಎಕ್ಸ್-5ಎಚ್‌ಡಿ 3-15×44. ಮೊದಲನೆಯದು ಸುಮಾರು 540 ಗ್ರಾಂ, ಎರಡನೆಯದು 560ರ ಆಸುಪಾಸು. ಎರಡಕ್ಕೂ 30 ಮಿ.ಮೀ. ಕೊಳವೆ. 500 ಗಜದವರೆಗೆ ಇವಕ್ಕಿಂತ ಜಾಸ್ತಿ ಏನೂ ಬೇಡ.

ಇನ್ನೂ ಹಗುರ ಬೇಕು ಅಂದರೆ ಲ್ಯೂಪೋಲ್ಡ್ ವಿಎಕ್ಸ್-3ಎಚ್‌ಡಿ 4.5-14×40. ನಾನೂರು ಗ್ರಾಂ ಸುತ್ತಮುತ್ತ, ಒಂದು ಇಂಚಿನ ಕೊಳವೆ. ದುಡ್ಡಿಗೆ ಯೋಚನೆ ಇಲ್ಲದವರಿಗೆ ಆಸ್ಟ್ರಿಯಾದ ಸ್ವರೋವ್‌ಸ್ಕಿ ಝಡ್5 3.5-18×44, ಸುಮಾರು 450 ಗ್ರಾಂ. ಮಬ್ಬಿನಲ್ಲಿ ಅದರ ಗಾಜು ನೋಡಿದರೆ ಉಳಿದವು ಸಪ್ಪೆ ಅನ್ನಿಸುತ್ತವೆ. ಆದರೆ ಇವೆರಡನ್ನೂ ಮಗುವಿನ ಹಾಗೆ ನೋಡಿಕೊಳ್ಳಿ.

ನೀವು ನನ್ನ ಹಾಗೆ ಜಾರಿ ಬೀಳುವ ಜಾತಿಯಾ? ಹಾಗಿದ್ದರೆ ನೈಟ್‌ಫೋರ್ಸ್ ಎನ್‌ಎಕ್ಸ್‌ಎಸ್ 2.5-10×42. ಸುಮಾರು 580 ಗ್ರಾಂ, ಹಳೆಯ ಮಾದರಿ, ಹುಡುಕಿ ಹಳೆಯದ್ದನ್ನೇ ಕೊಂಡೆ. ಗಾಜು ಸ್ವರೋವ್‌ಸ್ಕಿಯಷ್ಟು ಹೊಳೆಯುವುದಿಲ್ಲ. ಬಂದ ದಿನದಿಂದ ಝೀರೋ ಮಾತ್ರ ಕದಲಿಲ್ಲ, ಎರಡು ಸಲ ಬಿದ್ದಿದ್ದೇನೆ. ಅದೇ ಕಂಪನಿಯ ಎನ್‌ಎಕ್ಸ್8 2.5-20×50 ಕೂಡ ಜನ ಇಷ್ಟಪಡುತ್ತಾರೆ, ಅದು 800 ಗ್ರಾಂ. ಲ್ಯೂಪೋಲ್ಡ್ ಮಾರ್ಕ್ 5ಎಚ್‌ಡಿ 3.6-18×44 ಸುಮಾರು 740 ಗ್ರಾಂ, ಅದರ ಕೊಳವೆ 35 ಮಿ.ಮೀ., ರಿಂಗು ಹುಡುಕುವುದೇ ಒಂದು ಕೆಲಸ.

ಆನ್‌ಲೈನ್‌ನಲ್ಲಿ ಎಂಬತ್ತು ಡಾಲರ್‌ಗೆ 6-24×50 ಸಿಗುತ್ತದಲ್ಲ ಅಂತ ಕೇಳಬೇಡಿ. ಅದೇ ದುಡ್ಡಿಗೆ ಒಳ್ಳೆಯ ಊಟ ಮಾಡಿ ಬನ್ನಿ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಇದೆಲ್ಲ ನನಗೆ ಆಗುತ್ತದಾ?

ಬರೀ ಸ್ಕೋಪ್ ಕೊಳ್ಳಲು ಇಲ್ಲಿ ಯಾರೂ ಏನೂ ಕೇಳುವುದಿಲ್ಲ, ಅದು ಬಂದೂಕಲ್ಲ. ರೈಫಲ್ ವಿಷಯ ಬೇರೆ. ಎಚ್-1ಬಿ, ವಿದ್ಯಾರ್ಥಿ ವೀಸಾ ತರಹ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕಾಗಲೀ ತೋಟಾ ಆಗಲೀ ಇಟ್ಟುಕೊಳ್ಳಬಾರದು ಅನ್ನುತ್ತದೆ ಅಮೆರಿಕದ ಕೇಂದ್ರದ ಕಾನೂನು. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅಂಗಡಿಯಲ್ಲಿ ತುಂಬುವ 4473 ಫಾರಂನಲ್ಲೂ ಈ ಪ್ರಶ್ನೆ ಇದೆ. ಲೈಸೆನ್ಸ್ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ವೀಸಾ ಪಣಕ್ಕಿಡುವ ವಿಷಯ, ಗೆಳೆಯರ ಮಾತು ನಂಬಬೇಡಿ, ನನ್ನದನ್ನೂ ಸೇರಿಸಿ. ವಕೀಲರನ್ನು ಒಮ್ಮೆ ಕೇಳಿ. ಕೊಲರಾಡೊದಲ್ಲಿ 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಲೈಸೆನ್ಸ್‌ಗೆ ಮೊದಲು ಬೇಟೆಗಾರರ ತರಬೇತಿ ಮುಗಿಸಿರಬೇಕು.

ಊರಿಗೆ ಹೋಗುವಾಗ ಚಿಕ್ಕಪ್ಪನ ಕೋವಿಗೆ ಒಂದು ಸ್ಕೋಪ್ ಒಯ್ಯಲಾ?

ಬೇಡ. ಬಂದೂಕಿನ ಸ್ಕೋಪ್ ಅಮೆರಿಕದಿಂದ ಹೊರಗೆ ಒಯ್ಯುವುದಕ್ಕೆ ರಫ್ತು ನಿಯಂತ್ರಣ ಇದೆ, ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ತೂರಿಸುವ ವಸ್ತುವಲ್ಲ. ಒಯ್ದು ಮಾಡುವುದಾದರೂ ಏನು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಬೇಟೆ ಅಪರಾಧ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ ನಿಜ, ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ. ಅಲ್ಲಿ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಬರಿಗಣ್ಣಲ್ಲೇ ಹೊಡೆಯುತ್ತಾರೆ. ಸ್ಕೋಪ್ ತಂದವನನ್ನು ನೋಡಿ ನಕ್ಕಾರು.

ಮಂಜು, ಚಳಿಯಲ್ಲಿ ಗಾಜು ಮಬ್ಬಾಗುತ್ತದಲ್ಲ?

ಒಳಗೆ ಆಗಬಾರದು. ಕೊಳವೆಯಲ್ಲಿ ಸಾರಜನಕ ಅಥವಾ ಆರ್ಗಾನ್ ತುಂಬಿ ಮುಚ್ಚಿರುತ್ತಾರೆ. ಒಳಗಡೆಯೇ ಮಬ್ಬು ಕಂಡರೆ ವಾಪಸ್ ಕಳಿಸಿ. ಹೊರಗಿನ ಮಬ್ಬಿಗೆ ಕಾರಣ ಹೆಚ್ಚಾಗಿ ನಾವೇ. ರಾತ್ರಿ ರೈಫಲ್ಲನ್ನು ಬೆಚ್ಚಗಿನ ಟೆಂಟಿನೊಳಗೆ ತರುತ್ತೇವೆ, ತಣ್ಣಗಿನ ಗಾಜಿನ ಮೇಲೆ ನಮ್ಮ ಉಸಿರು, ಅನ್ನದ ಹಬೆ ಕೂರುತ್ತದೆ. ಬೆಳಿಗ್ಗೆ ಹೊರಗೆ ಒಯ್ದರೆ ಅದೇ ಮಂಜುಗಡ್ಡೆ. ಖಾಲಿ ಮಾಡಿದ ರೈಫಲ್ ಟೆಂಟಿನ ಹೊರ ಮಡಿಕೆಯಲ್ಲೇ ಇರಲಿ, ಮೇಲೊಂದು ಬಟ್ಟೆ ಹೊದಿಸಿ. ಗಾಜಿನ ಮೇಲೆ ಹಿಮ ಕೂತರೆ ಊದಬೇಡಿ, ಗ್ಲೌಸಿನಿಂದ ಉಜ್ಜಬೇಡಿ. ಮೆತ್ತನೆ ಬ್ರಷ್ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ನನ್ನದು ಮಗಳ ಹಳೆಯ ಬಣ್ಣದ ಬ್ರಷ್, ತೂಕ ನಾಲ್ಕು ಗ್ರಾಂ.